ಗೀರು ಬಿದ್ದರೆ ಯಾರದು

ಮಡಿಕೇರಿಯ ಬಸ್ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ
ಜುನೈದ್ ಎಂಬ ಹುಡುಗ, ಬಾಡಿಗೆ ಪಿಕಪ್ಪಿನ ಕೀಲಿ
ಕೈಗೆ ಕೊಡುವ ಮುನ್ನ ಕೇಳಿದ:
'ಅಂಕಲ್, ಇನ್ಶೂರೆನ್ಸ್ ಹಾಕಲಾ? ಆರುನೂರು ಹೆಚ್ಚು.
ಹಾಕಿದರೆ ಗೀರು ಬಿದ್ದರೂ ನಮ್ಮದು,
ಇಲ್ಲಾಂದರೆ ನಿಮ್ಮದು.'

ಯಾರನ್ನು ಕೇಳುತ್ತಿದ್ದಾನೆ ನೋಡಿ.
ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು,
ಸಂಪಾಜೆ ಘಾಟಿಯ ಎರಡನೇ ಗೇರೇ ನನ್ನ ಹಣೆಬರಹ.
ಅಪಘಾತರಹಿತ ಸೇವೆಗೆಂದು ಕೊಟ್ಟ ಬೆಳ್ಳಿ ಪದಕವನ್ನು
ಒಳ್ಳೆಮೆಣಸಿನ ಡಬ್ಬಿಯ ಜೊತೆ ಹಳೇ ಟವೆಲ್ಲಿನಲ್ಲಿ ಸುತ್ತಿ
ಚೋಂದಮ್ಮ ಯಾವುದೋ ರಟ್ಟಿನ ಪೆಟ್ಟಿಗೆಗೆ ಹಾಕಿದ್ದಾಳೆ.
ಗೋಣಿಕೊಪ್ಪಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರು.
ಅಷ್ಟಕ್ಕೆ ಆರುನೂರೇ?
ಒಂದೂವರೆ ಕೇಜಿ ಹಂದಿಮಾಂಸ ಬರುತ್ತದೆ.

ಹಾಳೆ ತಿರುಗಿಸಿದೆ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ:
ಭೂಕುಸಿತ, ನೆರೆ, ದೈವಾಧೀನ ಘಟನೆಗಳು ಸೇರಿಲ್ಲ.
'ಆನೆ?' ಅಂದೆ.
ಹುಡುಗ ತಲೆ ಕೆರೆದುಕೊಂಡ, ಯಾರಿಗೋ ಫೋನು ಮಾಡಿದ,
ಮಲಯಾಳದಲ್ಲಿ ತುಸು ಹೊತ್ತು ವಾದಿಸಿದ.
'ನಿಂತ ಆನೆಗೆ ನೀವು ಗುದ್ದಿದರೆ ಸೇರುತ್ತದಂತೆ,
ಆನೆಯೇ ಬಂದು ಗುದ್ದಿದರೆ ದೈವಾಧೀನವಂತೆ.'

ಚೋಂದಮ್ಮ ನಕ್ಕಳು. ಆಮೇಲೆ ಮೆಲ್ಲಗೆ, 'ಕೊಟ್ಟುಬಿಡಿ.'
'ನನ್ನ ಕೈ ಮೇಲೆ ನಂಬಿಕೆಯಿಲ್ಲವೇ?'
'ನನಗಿದೆ. ಕಪಾಟಿನ ಕನ್ನಡಿಗೂ ಇರಬೇಕಲ್ಲ.'

ಪೆನ್ನು ಹಿಡಿದು ನಿಂತಿದ್ದೆ.
ಬಂದದ್ದು ಆ ರಾತ್ರಿ.
ಚೆಟ್ಟಳ್ಳಿಯ ಇಳಿಜಾರು, ವೈಪರಿಗೂ ಬಗ್ಗದ ಮಂಜು,
ಕೊನೆಯ ಟ್ರಿಪ್ಪು, ಇಪ್ಪತ್ತೆರಡು ಟಿಕೇಟು,
ಎಲ್ಲರಿಗೂ ನಿದ್ದೆ. ಚೀಲ ತಬ್ಬಿಕೊಂಡು ಕಂಡಕ್ಟರಿಗೂ.
ನನಗೂ.
ಒಂದು ರೆಪ್ಪೆಯಷ್ಟು ಹೊತ್ತು. ಎರಡಿರಬಹುದು.
ಕಣ್ಣು ಬಿಟ್ಟಾಗ ಬಸ್ಸು
ರಸ್ತೆಯಂಚಿನ ಸಿಲ್ವರ್ ಮರಕ್ಕೆ ಒರಗಿ ನಿಂತಿತ್ತು,
ದಣಿದ ಎತ್ತು ಕಂಬಕ್ಕೆ ಒರಗುವ ಹಾಗೆ.
ಮರದಾಚೆ ಕಾಫಿ ಗಿಡಗಳ ನೆತ್ತಿ
ನನ್ನ ಚಕ್ರಕ್ಕಿಂತ ಎಷ್ಟೋ ಕೆಳಗೆ.

ಇಳಿದು ತೊಗಟೆ ಮುಟ್ಟಿದೆ. ಒದ್ದೆ.
ಬಸ್ಸಿನ ಮೈಮೇಲೆ ಒಂದು ಗೇಣು ಗೀರು.
ಹತ್ತಿ ರಿವರ್ಸು ತೆಗೆದು ಮುಂದೆ ನಡೆದೆ.
'ಸಿದ್ದಾಪುರ ಬಂತಾ?' ಯಾರೋ ನಿದ್ದೆಗಣ್ಣಲ್ಲಿ ಕೇಳಿದರು.
'ಬರ್ತಾ ಇದೆ,' ಅಂದೆ.
ಬೆಳಗಾಗುವ ಮೊದಲು ಡಿಪೋದಲ್ಲಿ
ಗೀರಿಗೆ ನಾನೇ ಕೆಂಪು ಬಣ್ಣ ಬಳಿದೆ.
ಮುಂದಿನ ವರ್ಷ ಪದಕ ಬಂತು.

ಆರುನೂರು ಎಣಿಸಿ ಇಟ್ಟೆ. ಜುನೈದ್ ರಸೀದಿ ಹರಿದ.
ಚೋಂದಮ್ಮ ತಾನು ಗೆದ್ದೆನೆಂದುಕೊಂಡಳು. ಇರಲಿ.

ಆ ತಿರುವಿನಲ್ಲಿ ಈಗ ಮರವಿಲ್ಲ.
ಗರಗಸ ಬಿಟ್ಟುಹೋದ ಬುಡ, ಅದರ ಮೇಲೆ
ಯಾರೋ ಕುಡಿದಿಟ್ಟ ಕಾಗದದ ಲೋಟ.
ಮೊದಲ ಗೇರಿಗೆ ಇಳಿಸಿದೆ.
ಹಿಂದೆ ಕಪಾಟು, ಗ್ಯಾಸ್ ಒಲೆ, ಮಂಚದ ಕಾಲು, ಆ ಪೆಟ್ಟಿಗೆ
ಎಲ್ಲವೂ ಒಮ್ಮೆ ಕಲಕಿ ಸುಮ್ಮನಾದವು.

'ಯಾಕೆ ಇಷ್ಟು ನಿಧಾನ?'
'ಆನೆ ಇದ್ದರೂ ಇರಬಹುದು.'
ಚೋಂದಮ್ಮ ಗಾಜು ಏರಿಸಿದಳು,
ತೋಟದೊಳಗೆ ಕಣ್ಣು ನೆಟ್ಟು
ಹುಡುಕತೊಡಗಿದಳು.