ಲೆನ್ಸ್ ಇಲ್ಲ

ಹುಬ್ಬಳ್ಳಿಯ ಗುಜರಿ ಅಂಗಡಿಯಲ್ಲಿ
ರೇಡಿಯೊ ಗುಂಡಿಗಳ ಡಬ್ಬಿಯ ತಳದಲ್ಲಿ ಸಿಕ್ಕಿತು.
ಮುನ್ನೂರು ಅಂದ, ಇನ್ನೂರಾ ನಲವತ್ತಕ್ಕೆ ಇಳಿದ.
ಅಂಗೈ ಬಾಗಿಸುವ ತೂಕ, ತುಪ್ಪದಲ್ಲಿ ತಿರುಗಿದಂತೆ ತಿರುಗುವ ಉಂಗುರ,
ಗಾಜು ಮಾತ್ರ ಚಹಾದ ಬಣ್ಣ.

ಬಿಸಿಲಿಗಿಡು ಎಂದರು ಬಲ್ಲವರು,
ಹಳದಿಯನ್ನು ಬಿಸಿಲೇ ಕುಡಿಯುತ್ತದಂತೆ.
ಬ್ಯಾಡಗಿಯಲ್ಲಿ ಬಿಸಿಲಿಗೆ ಬರವೇ?
ಮಾಳಿಗೆಯ ಮೇಲೆ, ಮನೆಬಳಕೆಯ ಮೆಣಸಿನಕಾಯಿಯ ಮಗ್ಗುಲಲ್ಲೇ
ಹದಿನೆಂಟು ದಿನ ಒಣಹಾಕಿದೆ.
ಪಕ್ಕದ ಮಾಳಿಗೆಯಿಂದ ಚನ್ನಬಸವ್ವ ಇಣುಕಿದಳು:
"ಇದ್ಯಾವ ಸಂಡಿಗಿ ತಮ್ಮಾ, ಒಂದಽ ಹಾಕೀಯಲ್ಲ?"
ಕಾಗೆಗೂ ಅದೇ ಅನುಮಾನ.
ಹತ್ತೊಂಬತ್ತನೆಯ ಬೆಳಿಗ್ಗೆ ಅದರೊಳಗಿಂದ ನೋಡಿದರೆ
ಸುಣ್ಣದ ಗೋಡೆ ಸುಣ್ಣದ ಹಾಗೇ ಇತ್ತು.

ಆಮೇಲೆ ಸಂಬಂಧ ಕೂಡಿಸುವ ಕೆಲಸ.
ಇದು ತಿರುಪಿನ ಮನೆತನದ್ದು,
ಕ್ಯಾಮೆರಾ ಕಟಕ್ಕೆಂದು ಕೂರುವ ಮನೆಯದು,
ನಡುವೆ ಮಾತಾಡಲು ಒಬ್ಬರು ಬೇಕು.
ಖಾರ ಕುಟ್ಟುವ ಗಿರಣಿಗೆ ಬುಶ್ ಕಡೆದುಕೊಡುವ
ದಾವಲಸಾಬನ ಲೇತಿಗೆ ಹೋದೆ.
ಎರಡೂ ಬಾಯಿ ಅಳೆದ, ಕನ್ನಡಕ ಹಣೆಗೇರಿಸಿದ.
"ಇದರಾಗ ಗಾಜು ಎಲ್ಲಿ ಬರತೈತಿ?"
ಗಾಜಿಲ್ಲ ಚಾಚಾ, ಬರೀ ಖಾಲಿ.
ಆದರೆ ಖಾಲಿಗೂ ಲೆಕ್ಕ ಉಂಟು,
ಕೂದಲೆಳೆ ದಪ್ಪವಾದರೆ ದೂರದ ಗುಡ್ಡ ಸಿಗುವುದಿಲ್ಲ.
"ಗಟ್ಟೀದು ಕೊರದೇನು. ಖಾಲೀನ ಹೆಂಗ ಅಳೀಲಿ?"
ಅಂದವನೇ ಮೂರು ಸಲ ಅಳೆದ,
ಎರಡು ಉಂಗುರ ಕೆಡಿಸಿದ, ಮೂರನೆಯದು ಕೂತಿತು.
ರೊಕ್ಕ ಕೇಳಿದರೆ,
"ಖಾಲೀದು ಬ್ಯಾಡ. ಹಿತ್ತಾಳಿದಷ್ಟ ಕೊಡು."

ಕ್ಯಾಮೆರಾ ಮಾತ್ರ ಒಪ್ಪಲಿಲ್ಲ.
ಪರದೆಯ ಮೇಲೆ ಬಿಳಿ ಅಕ್ಷರ: ಲೆನ್ಸ್ ಇಲ್ಲ.
ಗುರುತಿನ ತಂತಿಯಿಲ್ಲ, ಹೆಸರು ಹೇಳುವ ಚಿಪ್ಪಿಲ್ಲ,
ಅದರ ಮಟ್ಟಿಗೆ ಮುಂದೆ ಯಾರೂ ಇಲ್ಲ.
ಮೆನುವಿನ ಐದನೆಯ ಪುಟಕ್ಕೆ ಹೋಗಿ
ಇಲ್ಲದಿದ್ದರೂ ತೆಗೆ, ಅಂತ ಒಪ್ಪಿಸಬೇಕಾಯಿತು.

ನನ್ನದು ದಲಾಲಿ ಅಂಗಡಿಯ ಕೆಲಸ.
ಡಬ್ಬಿಕಾಯಿ, ಕಡ್ಡಿಕಾಯಿ, ಚೀಲದ ಬಾಯಿ ಬಿಚ್ಚಿ ಫೋಟೊ,
ಅದು ಕೊಚ್ಚಿಗೆ, ಅಹಮದಾಬಾದಿಗೆ ಹೋಗುತ್ತದೆ.
ಹೊಸ ಲೆನ್ಸು ಕಾಯಿಯ ಸುಕ್ಕನ್ನು ಒಂದೊಂದಾಗಿ ಎಣಿಸಿ ಕೊಡುತ್ತದೆ,
ಕೊಳ್ಳುವವರಿಗೆ ಅಷ್ಟು ಸಾಕು.
ಹಳೆಯದನ್ನು ಹಾಕಿಕೊಂಡು ಹೋದದ್ದು
ಮಧ್ಯಾಹ್ನ, ಯಾರೂ ಕೇಳದ ಹೊತ್ತು,
ತುಂಬು ಬಿಡಿಸುವವರ ತಗಡಿನ ನೆರಳಿಗೆ.

ಯಾವುದು ಸ್ಪಷ್ಟವೋ ಅದರ ಅಂಚಿಗೆ
ಪರದೆ ಕೆಂಪು ಗೆರೆ ಎಳೆದು ತೋರಿಸಬೇಕು.
ಇಲ್ಲಿ ನೆಲ ಕೆಂಪು, ರಾಶಿ ಕೆಂಪು, ಸೀನಿದವರ ಕಣ್ಣು ಕೆಂಪು,
ಗೆರೆ ಎಲ್ಲಿ ಎಳೆದಿತೋ ದೇವರಿಗೇ ಗೊತ್ತು.
ಬಣ್ಣ ಬದಲಿಸಬಹುದಿತ್ತು.
ಬೆರಳನ್ನೇ ನಂಬಿದೆ.

ರತ್ನವ್ವ ಹೂಗಾರ ಎದುರಿಗೆ.
ಕಿವಿಯ ಬೆಂಡೋಲೆ ಬಂತು, ಹೋಯಿತು,
ಹುಬ್ಬು ಬಂತು, ದಾಟಿತು,
ನಾನು ಅರ್ಧ ಹೆಜ್ಜೆ ಮುಂದೆ, ಕಾಲು ಹೆಜ್ಜೆ ಹಿಂದೆ.
"ಇನ್ನಾ ಆಗ್ಲಿಲ್ಲೇನೋ?"
"ತಡಿಯಬೇ, ಹುಡುಕಾಕತ್ತೀನಿ."
"ಇಲ್ಲೇ ಕುಂತೀನಿ, ಎಲ್ಲಿ ಹುಡುಕ್ತೀಯೋ?"
ಇಡೀ ಸಾಲು ನಕ್ಕಿತು, ನಗುವಿನ ಬೆನ್ನಿಗೇ ಸೀನು,
ಹಂಚಿನ ತೂತಿನಿಂದಿಳಿದ ಬೆಳಕಿನ ಕಂಬದಲ್ಲಿ
ಖಾರದ ಧೂಳು ಎದ್ದು ಕುಣಿಯಿತು.
ಆಗ ಒತ್ತಿದೆ.

ಮಾಹಿತಿ ತೆರೆದರೆ,
ದಿನ, ಗಂಟೆ, ನಿಮಿಷ ಎಲ್ಲ ಇದೆ,
ಲೆನ್ಸಿನ ಜಾಗದಲ್ಲಿ ಒಂದು ಅಡ್ಡಗೆರೆ.
ಚೀಲದ ಚೀಟಿಯೂ ಹೀಗೆಯೇ,
ಅಂಗಡಿಯ ಗುರುತು, ಲಾಟಿನ ನಂಬರು, ತೂಕ.

ಬೆರಳಿನ ಖಾರ ತಾಗೀತೆಂದು
ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು
ರತ್ನವ್ವ ಪರದೆಗೆ ಬಗ್ಗಿದಳು.
ಸೀನಿಗೆ ಅಲುಗಿದ ಮುಖ ಹಾಲಿನಂತೆ ಚೆಲ್ಲಿತ್ತು,
ತುಂಬು ಹಿಡಿದ ಎರಡು ಬೆರಳು,
ಉಗುರಿನ ಸೀಳೊಳಗಿನ ಕೆಂಪು ಸಹಿತ,
ಅಲ್ಲಾಡದೆ ನಿಂತಿದ್ದವು.
"ಮಾರಿ ಯಾರದೋ ಏನೋ," ಅಂದಳು.
"ಕೈ ಮಾತ್ರ ನಂದಽ."