ಭಟ್ಟಿಯಲ್ಲಿ ಬೆಂದ ಮಳೆ

ಇಮಾಮಹುಸೇನ ಗರಗಸದ ನೀರು ನಿಲ್ಲಿಸಿ
ಒರೆಸಿ ಕೊಟ್ಟ: ಗೇಣುದ್ದದ ಕಲ್ಲು,
ನಡುವೆ ಸೀಳಿದ್ದು. ಒಳಗೆಲ್ಲ ಗೆರೆ,
ಉಳ್ಳಾಗಡ್ಡಿ ಹೋಳಿನ ಹಾಗೆ.
'ಮಳಿ ಪಂಚಾಂಗ ತಗೋರಿ ಮೇಡಮ್ಮಾರ' ಅಂದ.

ಕಪ್ಪತಗುಡ್ಡದ ಹೆಸರಿಲ್ಲದ ಬಿರುಕೊಂದರಲ್ಲಿ
ತೊಟ್ಟು ತೊಟ್ಟು ನೀರು ಬಿಟ್ಟುಹೋದದ್ದು.
ಒಂದು ಕೂದಲ ದಪ್ಪಕ್ಕೆ ಒಂದು ವರ್ಷ;
ಗೇಣಿಗೆ ಮೂರು ಸಾವಿರ.

ಧಾರವಾಡದ ಈ ಕೋಣೆಯಲ್ಲಿ
ಹಲ್ಲಿನ ಡಾಕ್ಟರರು ಬೇಡವೆಂದು ಕೊಟ್ಟ ಡ್ರಿಲ್ಲು ಹಿಡಿದು
ಗೆರೆಗೊಂದು ಚಿಟಿಕೆ ಪುಡಿ ಕೆರೆಯುತ್ತೇನೆ.
ಆ್ಯಸಿಡ್ ಹನಿಸಿದರೆ ಗಾಳಿ ಏಳುತ್ತದೆ.
ಆ ಗಾಳಿಯನ್ನು ಯಂತ್ರ ತೂಗುತ್ತದೆ,
ಪತ್ತಾರನಿಗಿಂತ ಜಿಪುಣ ತಕ್ಕಡಿ.

ತೂಕದಲ್ಲಿ ದಾರಿ ಇದೆ.
ಪಡುವಣ ಕಡಲಿನ ಮೋಡ
ಭಾರದ ಹನಿಗಳನ್ನು ಘಟ್ಟಕ್ಕೇ ಸುರಿದು
ಹಗುರಾಗಿ ಇಲ್ಲಿಗೆ ಬಂದಿರುತ್ತದೆ.
ಮೂಡಣದ್ದು ಇನ್ನೂ ದೂರದ ನಡಿಗೆ,
ಅರ್ಧ ನಾಡಿಗೆ ಹಂಚುತ್ತ ಹಂಚುತ್ತ
ಸ್ವಾತಿಯ ಹೊತ್ತಿಗೆ ಗದಗ ಮುಟ್ಟಿದಾಗ
ಅದರ ಚೀಲದಲ್ಲಿ ಉಳಿದದ್ದು ಬರೀ ಹಗುರ.
ಯಾವ ಕಾಲಕ್ಕೆ ಯಾವ ಕಡಲು ಈ ಗುಡ್ಡ ತೋಯಿಸಿತು
ಎಂದು ನಾನು ಹೀಗೆ ಪುಡಿಯಲ್ಲಿ ಹುಡುಕುತ್ತೇನೆ.
'ಅದಕ್ಕ ಮಷೀನು ಬೇಕನು?' ಅಂತಾಳೆ ಆಯಿ.
'ಎಮ್ಮಿ ಯಾವ ಕಡಿ ಮೂಗು ಎತ್ತತೈತಿ, ನೋಡಿದ್ರ ಆತು.'

ಕಲ್ಲಿನ ನಡುವೆ ಒಂದು ಕಡೆ ಗೆರೆಯೇ ಇಲ್ಲ.
ಬರೀ ಕಂದು ಧೂಳು, ಉಗುರಿನಷ್ಟು.
ನಲವತ್ತೋ ಎಪ್ಪತ್ತೋ ವರ್ಷ ತೊಟ್ಟು ನಿಂತಿತ್ತು.
ಯಾರು ಉಳಿದರು, ಯಾರು ಗಂಟು ಕಟ್ಟಿ ನಡೆದರು,
ಕಲ್ಲಿಗೆ ಗೊತ್ತಿಲ್ಲ.
ನೀರು ಬರಲಿಲ್ಲ ಅನ್ನುವುದಷ್ಟೇ ಅದರ ಸಾಕ್ಷಿ.

ಗವಿಯಲ್ಲಿ ಟಾರ್ಚು ಹಾಕಿದ ದಿನ
ಮೊದಲು ಕಂಡದ್ದು ಮೋಟುಗಳು.
ಹನ್ನೊಂದು ಮೋಟು, ಮೊಳಕಾಲೆತ್ತರದಲ್ಲಿ ಮುರಿದವು,
ಪ್ರತಿಯೊಂದಕ್ಕೂ ಎಡಗೈಯವನ ಉಳಿಯ ಓರೆ ಪೆಟ್ಟು.
ನಾನು ಬ್ಯಾಟರಿ ಮುಗಿಯಿತೆಂದು ಹೇಳಿ ಹೊರಗೆ ಬಂದೆ.

ಡೋಣಿಯ ಸುಣ್ಣಗಾರರ ಗುಳಪ್ಪ,
ನನ್ನ ಅಜ್ಜ, ಎಡಗೈಯವ.
'ಗವಿಕಲ್ಲು ಭಾಳ ಬೆಳ್ಳಗ ಸುಡತೈತಿ' ಅಂತಿದ್ದ.
ಕತ್ತೆ ಮೇಲೆ ಒಂದು ಹೇರು ಅಂದರೆ
ಹತ್ತಿಪ್ಪತ್ತು ಸಾವಿರ ವರ್ಷದ ಮುಂಗಾರು.
ಭಟ್ಟಿಯಲ್ಲಿ ಮೂರು ರಾತ್ರಿ.
ಆಮೇಲೆ ಡಂಬಳದ ಗೋಡೆಗೆ, ಮುಂಡರಗಿಯ ಗೋಡೆಗೆ,
ಆಯಿಯ ಎಲೆಯ ಬೆನ್ನಿಗೆ ಬೆರಳ ತುದಿಯಷ್ಟು.

ಯಾರಿಗೂ ಹೇಳದೆ
ಆಯಿಯ ಅಡಿಗೆಮನೆ ಗೋಡೆಯಿಂದ
ಒಂದು ಹಕ್ಕಳೆ ಕೆರೆದು ತಂದೆ. ತೂಗಿಸಿದೆ.
ಗವಿಯ ಯಾವ ಗೆರೆಗೂ ಹೊಂದದ ಅಂಕಿ.
ಎರಡನೇ ಸಲವೂ ಅದೇ.
ಮೂರನೇ ಸಲ ಯಂತ್ರವನ್ನು ಬೈದು ಕೂತಾಗ
ಹೊಳೆಯಿತು: ನಾನು ಸುಣ್ಣಗಾರರ ಹುಡುಗಿ,
ಇಷ್ಟು ಮರೆತೆನೇ.

ಬೆಂಕಿಗೆ ಬಿದ್ದ ಕಲ್ಲು ತನ್ನ ಗಾಳಿ ಬಿಡುತ್ತದೆ.
ಮಳೆಯ ಗುರುತು ಭಟ್ಟಿ ಬಾಯಿಂದ
ಹೊಗೆಯ ಜೊತೆ ಹೊರಟುಹೋಗುತ್ತದೆ.
ಆಮೇಲೆ ನೀರು ಕುಡಿದು, ಕುದಿದು, ಗೋಡೆ ಹಿಡಿದ ಸುಣ್ಣ
ಮತ್ತೆ ಕಲ್ಲಾಗಲು ಗಾಳಿ ಬೇಡುತ್ತದೆ.
ಮನೆಯೊಳಗೆ ಇದ್ದದ್ದನ್ನೇ ಕುಡಿಯುತ್ತದೆ:
ಒಲೆಯದ್ದು, ಚಿಮಣಿಯದ್ದು,
ಏಳು ಮಂದಿ ಒತ್ತಾಗಿ ಮಲಗಿದ ರಾತ್ರಿಯದ್ದು.

ಶನಿವಾರ ಡೋಣಿಗೆ ಹೋಗಿ ಹೇಳಿದೆ:
'ಆಯಿ, ಗ್ವಾಡ್ಯಾಗ ಮಳಿ ಇಲ್ಲ. ನಿಮ್ಮುಸರು ಐತಿ.'
ಆಕೆ ಡಬ್ಬಿ ತೆರೆದು ಎಲೆಗೆ ಸುಣ್ಣ ಸವರಿದಳು,
ಗೋಡೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

'ಹಂಗಾರ ಅವನ ಬೀಡಿ ಹೊಗಿನೂ ಸಿಗಬೇಕಲ್ಲ.
ಚಲೋತ್ನಾಗಿ ನೋಡಿಯೇನು?'