ಫಾ

ತಿಸಾ ನದಿಯ ಏಳನೇ ತೂಬಿಗೆ
ಹೊಸ ಪೆಟ್ಟಿಗೆ ಬಂದಿದೆ. ಹಳೆಯದರ ಮೈ ಇನ್ನೂ ಬಿಸಿ,
ಮೂವತ್ತಾರು ವರ್ಷ ನಿದ್ದೆಗೆಟ್ಟಿದ್ದು.
ಎರಡೂ ಆಡುವುದು ಫೋರ್ತ್.
ಒಂದೇ ತಾಯಿಯ ಮಕ್ಕಳು, ಒಲೆ ಬೇರೆ.

ಓರ್ಶೊಯಾ ಹಳೇ ಸಾಲುಗಳನ್ನು ಹೊಸದಕ್ಕೆ ಉಣಿಸಿದಳು.
ಒಂಬತ್ತನೇ ತುತ್ತಿಗೆ ಅದು ಕಕ್ಕಿತು:

ಫಾ ?

ಫಾ ಅಂದರೆ ಅವಳ ಮಾತಿನಲ್ಲಿ ಮರ.
ಕಿಟಕಿಯಾಚೆ ನೋಡಿದಳು: ಕಾಂಕ್ರೀಟು, ಬಾತುಕೋಳಿ,
ಯಾರೋ ಒರಗಿಸಿಟ್ಟ ಸೈಕಲ್ಲು. ಮರವಿಲ್ಲ.

ಫೋರ್ತಿನ ಮನೆಯ ಪದ್ಧತಿ ಹೀಗೆ:
ಬಾಗಿಲು ತಟ್ಟಿದವರನ್ನು ಮೊದಲು ಕೇಳುವುದು, ಹೆಸರಿದೆಯಾ?
ಇಲ್ಲವೆಂದರೆ, ಅಂಕಿಯಾ?
ಅದೂ ಅಲ್ಲವೆಂದರೆ ಹೊಸಿಲಾಚೆಗೇ ನಿಲ್ಲು.

ಹಳೆಯದಕ್ಕೆ ಹದಿನಾರರ ಲೆಕ್ಕ.
ಬೆರಳು ಮುಗಿದ ಮೇಲೆ ಅಕ್ಷರ ಮಡಿಸುತ್ತದೆ,
ಎ ಹತ್ತು, ಎಫ್ ಹದಿನೈದು,
ಎಫ್ ಪಕ್ಕ ಎ ಕೂತರೆ ಇನ್ನೂರ ಐವತ್ತು.
ಹದಿನಾರಾಣೆ ಸತ್ಯ.
ಹೊಸದರ ಪೇಟೆಯಲ್ಲಿ ಮಾತ್ರ ಆಣೆ ಚಲಾವಣೆಯಿಲ್ಲ.

ಅಷ್ಟು ಸೆಂಟಿಮೀಟರು ನೀರೇರಿದರೆ ತೂಬು ಮುಚ್ಚಬೇಕು.
250 ಎಂದೇ ಬರೆದುಬಿಡಲೇ?
ಬೆರಳು ಕೀಲಿಯ ಮೇಲೆ ನಿಂತಿತು.
ವಸಂತದವರೆಗೆ ಎರಡೂ ಪೆಟ್ಟಿಗೆ ಓದಬೇಕಾದ್ದು ಇದೇ ಹಾಳೆ;
ಹಳೆಯದಕ್ಕೆ ಈ ಮೂರು ಅಂಕಿ
ಐನೂರ ತೊಂಬತ್ತೆರಡು.
ದಂಡೆಯ ಮನೆಗಳ ಒಲೆ ಮುಳುಗುವ ತನಕ
ಅದು ವಿಧೇಯವಾಗಿ ಕಾದೀತು.

ನಿವೃತ್ತ ಬೆರ್ತಲಾನನಿಗೆ ಫೋನು.
"ಇದು ಮರವಾ, ಲೆಕ್ಕವಾ?"
ಆ ಕಡೆ ಚಮಚದ ಸದ್ದು.
"ಪೋಪ್ಲರ್ ಒಂದಿತ್ತು. ನೀರು ಅದರ ಬೇರು ಮುಟ್ಟಿತೋ,
ಇನ್ನೂರ ಐವತ್ತು. ಆಮೇಲೆ ಕಡಿದರು."
ಸ್ವಲ್ಪ ತಡೆದು,
"ಸುಳ್ಳು ಯಾಕೆ. ಮೊದಲು ಲೆಕ್ಕವೇ.
ಮರ ಆಮೇಲೆ ಕಣ್ಣಿಗೆ ಬಿತ್ತು."

ಆ ರಾತ್ರಿ ಅವಳು ಚಿಲ್ಲರೆ ತಡಕಿದಳು,
ಎಲ್ಲ ಊರಲ್ಲೂ ನಡೆಯುವ ಪುಡಿಕಾಸು.
ಹತ್ತರ ಬೆಲೆ ಊರಿಗೊಂದು. ಐದು ಮಾತ್ರ
ಇಲ್ಲೂ ಐದು, ಅಲ್ಲೂ ಐದು. ಎರಡು ಎರಡೇ.
ಐದು ಐದು ಗುಣಿಸು, ಐದು ಗುಣಿಸು, ಎರಡು ಗುಣಿಸು.
(ಇದರಲ್ಲೂ ಕ್ರಿಯಾಪದ ಕೊನೆಗೇ, ನಮ್ಮ ಹಾಗೆ.)
ಬಂದ ಮೊತ್ತಕ್ಕೆ ಹೆಸರಿಟ್ಟಳು,
ಫಾ.

ಹೊಸದು ಹೆಸರು ಕೇಳಿ ಒಳಗೆ ಬಿಟ್ಟುಕೊಂಡಿತು.
ಹಳೆಯದು, ಮೂವತ್ತಾರು ವರ್ಷ
ಅಂಕಿಯೆಂದು ಎಣಿಸುತ್ತ ಬಂದದ್ದನ್ನು
ಮೊದಲ ಸಲ ಹೆಸರಿಡಿದು ಕರೆಯಿತು.

ಬೆಳಗ್ಗೆ ದಂಡೆಗೆ ಹೋದಳು.
ಅಳತೆಪಟ್ಟಿಯಲ್ಲಿ ನೂರ ಹನ್ನೆರಡು.
ಪೋಪ್ಲರಿನ ಬುಡ ಎಲ್ಲಿತ್ತೋ ತಿಳಿಯಲಿಲ್ಲ.
ಬಾತುಕೋಳಿ ಎಣಿಸಿದಳು, ಹನ್ನೊಂದು.
ಆಮೇಲೆ ತನಗೇ ನಗು ಬಂದು:
ಬಿ.